ಉತ್ತರದ ಬೇಲಿಯ ಸಾಲುಗಳು

ಸೌರ ಪ್ಯಾನೆಲ್ ಒರೆಸುವ ಯಂತ್ರದ ಬ್ರಷ್ಷಿನ ನೀಲಿ ಎಳೆಗಳ ನಡುವೆ ಸಜ್ಜಿರೊಟ್ಟಿಯ ಒಂದು ಚೂರು ಸಿಕ್ಕಿಕೊಂಡಿತ್ತು. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಅದರ ಒಂದು ಅಂಚಿಗೆ ಹುರಿದ ಎಳ್ಳು ಇನ್ನೂ ಅಂಟಿಕೊಂಡಿತ್ತು. ಯಂತ್ರ ಮಾರುವ ಕಂಪನಿಯಿಂದ ಬಂದಿದ್ದ ತಂತ್ರಜ್ಞ ಅದನ್ನು ಚಿಮಟಿಗೆಯಿಂದ ಎಳೆದು ತೆಗೆದು, ಬಿಳಿ ಹಾಳೆಯ ಮೇಲಿಟ್ಟು ಫೋಟೊ ತೆಗೆದುಕೊಂಡ. ಅವನು ತಮಿಳುನಾಡಿನವನು, ಕೆಲಸಕ್ಕೆ ಸಾಕಾಗುವಷ್ಟು ಕನ್ನಡ ಬರುತ್ತಿತ್ತು.

"ಇದೇನು ಮೇಡಂ?"

"ರೊಟ್ಟಿ."

"ಪ್ಯಾನೆಲ್ ಮೇಲೆ ರೊಟ್ಟಿ ಯಾಕೆ ಬಂತು?"

ಯಾಕೆ ಬಂತು ಎಂದು ನನಗೆ ಗೊತ್ತಿತ್ತು. ಯಾರು ಗೇಟು ತೆಗೆದರು ಎಂಬುದೂ ಗೊತ್ತಿತ್ತು. "ನೋಡಬೇಕು" ಎಂದಷ್ಟೇ ಹೇಳಿದೆ.

ತಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಸೌರ ವಿದ್ಯುತ್ ಸ್ಥಾವರದಲ್ಲಿ ನಾನು ಆಗ ಪರಿಸರ ಮತ್ತು ಸಮುದಾಯ ವಿಭಾಗದ ಅಧಿಕಾರಿ. ವಿಭಾಗವೆಂದರೆ ನಾನೊಬ್ಬಳೇ. ಸ್ಥಾವರದಲ್ಲಿ ಪ್ಯಾನೆಲ್ ತೊಳೆಯುವ ಒಂಬತ್ತು ಜನ ಹೆಂಗಸರಿದ್ದರು. ಎಲ್ಲರೂ ಸುತ್ತಲಿನ ಹಳ್ಳಿಯವರು. ಇಬ್ಬರು ಮಮದಾಪುರದಿಂದ ಟಂಟಂ ರಿಕ್ಷಾ ಹಿಡಿದು ಬರುತ್ತಿದ್ದರು. ಅವರಲ್ಲಿ ಕೆಲವರ ಮನೆಯ ಜೋಳದ ಹೊಲವೇ ಈಗ ಸ್ಥಾವರದ ನೆಲ. ಹೊಲವನ್ನು ದೀರ್ಘ ಗುತ್ತಿಗೆಗೆ ಕೊಟ್ಟಿದ್ದರು. ಗಾಜು ಕಾದ ಮೇಲೆ ತಣ್ಣೀರು ಬಿದ್ದರೆ ಸೀಳುತ್ತದೆ ಎಂದು ಸೂರ್ಯ ಏರುವ ಮೊದಲೇ ಕೆಲಸ ಮುಗಿಸಬೇಕು. ಟ್ಯಾಂಕರಿನ ನೀರು, ಉದ್ದ ಕೋಲಿನ ವೈಪರ್, ತೊಯ್ದ ಸೀರೆಯ ಅಂಚು. ಇಷ್ಟೆಲ್ಲ ಮಾಡಿದರೂ ಅವರು ಕಂಪನಿಯವರಾಗಿರಲಿಲ್ಲ, ಲೇಬರ್ ಕಂತ್ರಾಟುದಾರನ ಜನ. ಮಳೆ ಹಿಡಿದರೆ ಅವನು ಒಬ್ಬರಿಗೆ ಫೋನ್ ಮಾಡಿ "ನಾಳಿಂದ ಬರಬ್ಯಾಡ್ರಿ" ಎನ್ನುತ್ತಿದ್ದ. ಮತ್ತೆ ಎಂದು ಬರಬೇಕು ಎಂದು ಹೇಳುತ್ತಿರಲಿಲ್ಲ. ಪಿ.ಎಫ್. ಇಲ್ಲ, ವಿಮೆ ಇಲ್ಲ, ಕಾಲು ಜಾರಿ ಕೈ ಮುರಿದರೆ ಕೇಳುವವರಿಲ್ಲ.

ಅದೇ ವರ್ಷ ನೀರಿಲ್ಲದೆ, ಒಣ ಬ್ರಷ್ಷಿನಿಂದ ಗಾಜು ಒರೆಸುವ ಯಂತ್ರಗಳನ್ನು ತರಿಸುವ ಮಾತು ಬಂತು. ನಮ್ಮ ಸೀಮೆಯಲ್ಲಿ ಟ್ಯಾಂಕರಿನ ನೀರನ್ನು ಗಾಜಿಗೆ ಸುರಿಯುವುದು ಯಾರಿಗೂ ಒಪ್ಪಿಗೆಯಾಗುವ ಸಂಗತಿಯಲ್ಲ. ಹಾಗಾಗಿ ಯಂತ್ರ ಬೇಡ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ಆದರೆ ಸಾಲ ಕೊಟ್ಟ ಬ್ಯಾಂಕು ಒಂದು ಪ್ರಶ್ನೆ ಕೇಳಿತ್ತು: ಯಂತ್ರ ಬಂದ ಮೇಲೆ ಕೆಲಸ ಕಳೆದುಕೊಳ್ಳುವವರಿಗೆ ಏನು ಮಾಡುತ್ತೀರಿ? ಉತ್ತರ ಬರೆಯುವುದು ನನ್ನ ಕೆಲಸ. ಒಂಬತ್ತೂ ಜನರನ್ನು ಕಂಪನಿಯ ಹಾಜರಿ ಪಟ್ಟಿಗೆ ತೆಗೆದುಕೊಂಡು, ಯಂತ್ರ ನಡೆಸುವುದನ್ನು ಕಲಿಸಿ, ವರ್ಷಪೂರ್ತಿ ಕೆಲಸ ಕೊಡಬೇಕು ಎಂದು ನಾನು ಬರೆದೆ. ಮುಖ್ಯ ಕಚೇರಿಯಿಂದ ಬಂದ ಉತ್ತರ ಚಿಕ್ಕದು: ಯಂತ್ರ ನೋಡಿಕೊಳ್ಳಲು ಐಟಿಐ ಮುಗಿಸಿದ ಇಬ್ಬರು ಸಾಕು. ಮೊದಲು ಪರೀಕ್ಷೆ ಆಗಲಿ. ಎ ಬ್ಲಾಕನ್ನು ಯಂತ್ರ ಒರೆಸಲಿ, ಬಿ ಬ್ಲಾಕನ್ನು ಹೆಂಗಸರು ತೊಳೆಯಲಿ, ಎರಡರ ವಿದ್ಯುತ್ ಉತ್ಪಾದನೆ ಹೋಲಿಸಿ ನೋಡಿ.

ಪರೀಕ್ಷೆಯಲ್ಲಿ ಯಂತ್ರ ಗೆದ್ದರೆ ಒಂಬತ್ತೂ ಜನ ಮನೆಗೆ. ಇದು ಅವರಿಗೂ ಗೊತ್ತಿತ್ತು.

ಇಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಬಗ್ಗೆ ಹೇಳಬೇಕು. ನನ್ನ ವಯಸ್ಸಿನವಳು. ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ಅವಳ ತಂದೆಗೆ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಅಲ್ಲಿ ತಾಮ್ರದ ತಂತಿ ಸುತ್ತುತ್ತ ಬೆಳೆದು, ಡಿಪ್ಲೊಮಾ ಮುಗಿಸಿ ಬಂದಿದ್ದಳು. ನಾವಿಬ್ಬರೂ ಬೆಳಿಗ್ಗೆ ಕಂಪನಿಯ ಒಂದೇ ಜೀಪಿನಲ್ಲಿ ಬರುತ್ತಿದ್ದೆವು. ಜೀಪು ಗೇಟು ದಾಟಿ ನಿಂತರೆ ಹೆಂಗಸರು ಅವಳ ಕಡೆ ಬರುತ್ತಿದ್ದರು. "ತಂಗಿ, ನಿನ್ನೆ ಯಾಕ ಲಗೂ ಹೋದಿ?" "ತಂಗಿ, ಈ ಚಪ್ಪಲಿ ಎಷ್ಟಕ್ಕ ತಗೊಂಡಿ ಬೇ?" ನಾನು ಇನ್ನೊಂದು ಬಾಗಿಲಿನಿಂದ ಇಳಿದಾಗ ಅವರು ಸೆರಗು ಸರಿ ಮಾಡಿಕೊಂಡು "ನಮಸ್ಕಾರ್ರಿ ಬಾಯಾರ" ಎನ್ನುತ್ತಿದ್ದರು. ನನಗೆ ಸಿಗುತ್ತಿದ್ದುದು ಗೌರವ, ಅವಳಿಗೆ ಸಿಗುತ್ತಿದ್ದುದು ಬೇರೇನೋ. ನಾನು ಒಂದು ವಾರ ಜ್ವರದಿಂದ ಮಲಗಿ ಬಂದಾಗ ಯಾರೂ ಕೇಳಲಿಲ್ಲ. ಅವಳು ಒಂದು ಶನಿವಾರ ಬಾರದಿದ್ದಾಗ ಹಿರಿಯ ಹೆಂಗಸು ನನ್ನ ಕಿಟಕಿಗೆ ಬಂದು ಕೇಳಿದಳು, ಮಧ್ಯಾಹ್ನ ಮತ್ತೆ ಬಂದು ಕೇಳಿದಳು.

ಅವರ ಕೆಲಸ ಉಳಿಯಲೆಂದು ಪುಟಗಟ್ಟಲೆ ಬರೆಯುತ್ತಿದ್ದವಳು ನಾನು. ಈ ವಾಕ್ಯ ಆಗ ದಿನಕ್ಕೊಮ್ಮೆಯಾದರೂ ನನ್ನ ತಲೆಯಲ್ಲಿ ಬರುತ್ತಿತ್ತು.

ಹೆಂಗಸರಿಗೂ ಯಂತ್ರ ನಡೆಸಲು ಬರುತ್ತದೆ ಎಂದು ತೋರಿಸಲು ನಾನು ಹಟ ಹಿಡಿದು ಇಡಿಸಿದ ಕಲಿಕೆಯ ವಾರವೂ ಹಾಗೆಯೇ ಆಯಿತು. ನಾನು ಚಿತ್ರಗಳಿರುವ ಕನ್ನಡದ ಕೈಪಿಡಿ ತಯಾರಿಸಿದ್ದೆ. ಯಂತ್ರವನ್ನು ಸಾಲಿನ ತುದಿಯ ಕಟ್ಟೆಯಿಂದ ಬಿಡುವುದು, ಬ್ರಷ್ ತಿರುಗುವ ದಿಕ್ಕು ನೋಡುವುದು, ನಡುವೆ ನಿಂತರೆ ಕೆಂಪು ಗುಂಡಿ ಒತ್ತಿ ವಾಪಸ್ ಕರೆಯುವುದು, ಎಲ್ಲ ಹಂತ ಹಂತವಾಗಿ. ನೀರು ತಾಗಿದರೂ ಹಾಳಾಗದಿರಲಿ ಎಂದು ಪುಟಗಳಿಗೆ ಪ್ಲಾಸ್ಟಿಕ್ ಹಾಳೆ ಹಾಕಿಸಿದ್ದೆ. ಒಂದು ದಿನ ಓದಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು, ಯಾರೂ ಯಂತ್ರ ಮುಟ್ಟಲಿಲ್ಲ.

ಮರುದಿನ ಸೂಪರ್‌ವೈಸರ್ ಬಂದು ಯಂತ್ರದ ಬೆನ್ನು ತಟ್ಟಿ ಹಿರಿಯಾಕೆಯನ್ನು ಕರೆದಳು.

"ಆಯಿ, ಇದು ನಿನ್ನ ಸ್ವಸಿ ಇದ್ದಂಗ. ತಾನ ಹೊಂಟು ಹೋಗತೈತಿ. ಆ ತುದೀಗೆ ನಿಂತ್ಕೊಂಡು ಮಾರಿ ತಿರುವಿದ್ರ, ನೀ ಕರೀಬೇಕು."

"ನನ್ನ ಸ್ವಸಿ ಕರದ್ರೂ ಬರೂದಿಲ್ಲ ಬೇ."

"ಇದು ಬರತೈತಿ. ಇದಕ್ಕ ತವರಮನಿ ಇಲ್ಲ."

ಎಲ್ಲರೂ ನಕ್ಕರು. ಹಿರಿಯಾಕೆ ಗುಂಡಿ ಒತ್ತಿದಳು. ಯಂತ್ರ ಗಾಜಿನ ಮೇಲೆ ಗುರ್ ಎನ್ನುತ್ತ ಹೋಗಿ ಗುರ್ ಎನ್ನುತ್ತ ಬಂತು. ಊಟದ ಹೊತ್ತಿಗೆ ಒಂಬತ್ತೂ ಜನ ಒಮ್ಮೊಮ್ಮೆ ಬಿಟ್ಟು, ಕರೆದು ಆಗಿತ್ತು. ನನ್ನ ಕೈಪಿಡಿಯ ಪುಟಗಳು ಊಟದ ಜಾಗದಲ್ಲಿ ಹಾಸಿದ್ದವು. ಒಂದರ ಮೇಲೆ ಶೇಂಗಾ ಹಿಂಡಿ, ಇನ್ನೊಂದರ ಮೇಲೆ ಹೆಚ್ಚಿದ ಉಳ್ಳಾಗಡ್ಡಿ.

"ಭಾಳ ಛಲೋ ಹಾಳಿ ಮಾಡಿಸಿದಿ ನೋಡು" ಎಂದಳು ಸೂಪರ್‌ವೈಸರ್. "ಎಣ್ಣಿ ಒಂದೀಟೂ ಇಳ್ಯಾಂಗಿಲ್ಲ."

ಅವಳು ಚುಚ್ಚಲೆಂದು ಹೇಳಲಿಲ್ಲ. ಚುಚ್ಚಲೆಂದು ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಎಳ್ಳಮಾವಾಸ್ಯೆಗೆ ನಾಲ್ಕಾರು ದಿನ ಇದ್ದಾಗ ಹಿರಿಯಾಕೆ ಇನ್ನಿಬ್ಬರನ್ನು ಕರೆದುಕೊಂಡು ನನ್ನ ಬಳಿ ಬಂದಳು. ಆ ದಿನ ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಟ್ಟು ಪೂಜೆ ಮಾಡಿ, ತಂದ ಅಡುಗೆಯಲ್ಲಿ ಎಲ್ಲ ಒಂದಿಷ್ಟು ಕಲಸಿ, ಹೊಲದ ಸುತ್ತ ತಿರುಗಿ ಭೂಮಿಗೆ ಚೆಲ್ಲುತ್ತಾರೆ. ಅದು ಚರಗ. ಆಮೇಲೆ ಕುಳಿತು ಉಣ್ಣುವುದು.

"ಬಾಯಾರ, ಅಮಾಸಿ ದಿನ ಚರಗಾ ಚೆಲ್ಲಬೇಕ್ರಿ. ಹೊಲ ನಿಮ್ಮ ತಂತಿ ಒಳಗೈತಿ."

"ಮ್ಯಾನೇಜರ್ ಅವರನ್ನ ಕೇಳತೇನ್ರಿ. ಬರದು ಕೇಳಬೇಕು."

"ಬರೀಬೇಕೇನ್ರಿ?"

"ಗೇಟಿಂದು ನಿಯಮ ಐತ್ರಿ. ಒಳಗ ಏನರ ಆದ್ರ ಯಾರು ಜವಾಬ್ದಾರರು?"

"ಹೊಲದಾಗ ಏನ ಆಗತೈತ್ರಿ" ಎಂದು ಅವಳು ಮೆಲ್ಲಗೆ ಅಂದು ಹೋದಳು.

ಅಂದೇ ಮ್ಯಾನೇಜರ್‌ಗೆ ಮೇಲ್ ಕಳಿಸಿದೆ. ಅವರು ಧಾರವಾಡದ ಕಡೆಯವರು, ಆ ವಾರ ರಜೆ ಹಾಕಿ ತಮ್ಮ ಊರಿಗೆ ಹೋಗಿದ್ದರು. ಉತ್ತರ ಬರಲಿಲ್ಲ. ಎರಡನೆಯ ಸಲ ನೆನಪಿಸಿದೆ. ಅಮಾವಾಸ್ಯೆಯ ದಿನ ಮಧ್ಯಾಹ್ನ ನಾನು ಮೇಜಿನ ಮುಂದೆ ಕುಳಿತಿದ್ದಾಗ ಹೊರಗೆ "ಹುಲ್ಲುಲ್ಲಿಗೋ" ಎಂಬ ಚರಗದ ಕೂಗು ಕೇಳಿಸಿತು. ಕಿಟಕಿಯಿಂದ ನೋಡಿದೆ. ಎ ಬ್ಲಾಕಿನ ಪಕ್ಕದ ಸಣ್ಣ ಗೇಟು ತೆರೆದಿತ್ತು. ಪ್ಯಾನೆಲ್ ಸಾಲುಗಳ ನಡುವೆ ಬುಟ್ಟಿ ಹಿಡಿದು ಹೆಂಗಸರು ಹೋಗುತ್ತಿದ್ದರು. ಮುಂದಿನವಳು ಚರಗ ಚೆಲ್ಲುತ್ತ, ಹಿಂದಿನವಳು ತಂಬಿಗೆಯಿಂದ ನೀರು ಚಿಮುಕಿಸುತ್ತ. ಗೇಟಿನ ಕೀಲಿ ಗೊಂಚಲು ಬೆರಳಿಗೆ ಸಿಕ್ಕಿಸಿಕೊಂಡು ಸೂಪರ್‌ವೈಸರ್ ಅವರ ಜೊತೆ ನಡೆದಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಅವಳು ನನ್ನ ಬಾಗಿಲಿಗೆ ಬಂದಳು.

"ಬಾ, ಎಲ್ಲಾರೂ ಕುಂತೀವಿ. ನಿನ್ನ ಕರ್ಕೊಂಡು ಬಾ ಅಂದಾರ."

ಅವರು ಹಾಗೆ ಅಂದಿರಲಾರರು ಎಂದುಕೊಂಡೆ. "ಕೆಲಸ ಐತ್ರಿ" ಎಂದೆ. ಅವಳು ಹೋಗಿ ಒಂದು ತಾಟು ತಂದಿಟ್ಟಳು. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಕಡಬು, ಶೇಂಗಾ ಹೋಳಿಗೆ. ಒಂದು ತುತ್ತೂ ಬಿಡದೆ ನಾನೊಬ್ಬಳೇ ಕುಳಿತು ಉಂಡೆ. ಬಹಳ ರುಚಿಯಾಗಿತ್ತು. ಹೊರಗಿನಿಂದ ನಗು ಬರುತ್ತಲೇ ಇತ್ತು.

ಅದಾಗಿ ಎರಡು ಮೂರು ದಿನಕ್ಕೆ ಎ ಬ್ಲಾಕಿನ ಉತ್ಪಾದನೆ ಇಳಿಯಿತು. ಮೊದಲು ಇನ್ವರ್ಟರ್ ಕೋಣೆಯ ಪರದೆಯಲ್ಲಿ ಕಂಡಿತು. ಆಮೇಲೆ ಹೋಗಿ ನೋಡಿದರೆ ಗಾಜಿನ ಮೇಲೆ ಸುಣ್ಣ ಬಳಿದಂತೆ ಬೆಳ್ಳಗಿನ ಪಟ್ಟೆಗಳು. ಬೆಳವ, ಗೊರವಂಕ, ಗುಬ್ಬಿ, ಹಿಂಡು ಹಿಂಡಾಗಿ ಪ್ಯಾನೆಲ್ಲಿನ ಮೇಲಂಚಿನಲ್ಲಿ ಕುಳಿತಿದ್ದವು. ಯಂತ್ರದ ಕಂಪನಿಯವರು ಅದನ್ನು ನಸುಕಿನಲ್ಲಿ ತಾನಾಗಿ ಓಡುವಂತೆ ಹೊಂದಿಸಿದ್ದರು. ಆ ಹೊತ್ತಿಗೆ ಗಾಜಿನ ಮೇಲೆ ಇಬ್ಬನಿ ಇರುತ್ತದೆ. ಹಸಿಯಾದ ಹಿಕ್ಕೆಯನ್ನು ಒಣ ಬ್ರಷ್ ಒರೆಸಿ ತೆಗೆದಿರಲಿಲ್ಲ, ಸಾಲಿನ ಉದ್ದಕ್ಕೂ ಸವರಿಕೊಂಡು ಹೋಗಿತ್ತು. ಬಿಸಿಲಿಗೆ ಅದು ಒಣಗಿ ಗಟ್ಟಿಯಾಗಿತ್ತು. ಶಾಖ ತೋರಿಸುವ ಕ್ಯಾಮೆರಾದಲ್ಲಿ ನೋಡಿದರೆ ಕಲೆಯ ಕೆಳಗಿನ ಚೌಕಗಳು ಕೆಂಡದಂತೆ ಕಾಣುತ್ತಿದ್ದವು. ಹಾಗೆಯೇ ಬಿಟ್ಟರೆ ಪ್ಯಾನೆಲ್ಲು ಸುಟ್ಟುಹೋಗುತ್ತದೆ.

ರೊಟ್ಟಿಯ ಚೂರು ಸಿಕ್ಕಿದ್ದು ಅಂದೇ.

ಮಧ್ಯಾಹ್ನ ಮ್ಯಾನೇಜರ್ ಕೋಣೆಯಲ್ಲಿ ತಂತ್ರಜ್ಞ ಫೋಟೊ ತೋರಿಸಿ, ಯಂತ್ರದ ತಪ್ಪಲ್ಲ, ಕೆಲಸ ಹೋಗುತ್ತದೆ ಎಂದು ಆ ಹೆಂಗಸರೇ ಬೇಕೆಂದು ಹಕ್ಕಿಗಳಿಗೆ ಕಾಳು ಹಾಕಿದ್ದಾರೆ ಎಂದ. ಅವನು ಹೋದ ಮೇಲೆ ಮ್ಯಾನೇಜರ್ ನನ್ನನ್ನು ಕೂರಿಸಿಕೊಂಡರು.

"ವರದಿ ನೀವ ಬರೀರಿ. ಮುಖ್ಯ ಕಚೇರಿಗೆ ಹೋಗಬೇಕು. ಚರಗಾ ಚೆಲ್ಲಿದ್ದು ಖರೆನೋ ಸುಳ್ಳೋ?"

"ಖರೆ ಸರ್."

"ಗೇಟು ತಗದಾಕಿ ಯಾರಂತ ನನಗೂ ಗೊತ್ತೈತಿ. ಆಕಿ ಹೆಸರು ಬ್ಯಾಡ. ಛಲೋ ಹುಡುಗಿ, ಪ್ರೊಬೇಷನ್ ಮುಗಿಯಾಕ ಬಂದೈತಿ. ಕಂತ್ರಾಟಿನ ಕಾರ್ಮಿಕರು ಅನುಮತಿ ಇಲ್ಲದ ಒಳಗ ಬಂದ್ರು ಅಂತ ಬರೀರಿ, ಸಾಕು. ಹೆಂಗೂ ಅವರದು ಮುಗೀತಲ್ಲ."

"ನಾನು ನಿಮಗ ಮೇಲ್ ಹಾಕಿದ್ದೆ ಸರ್. ಎರಡು ಸಲ."

ಅವರು ಕನ್ನಡಕ ತೆಗೆದು ಒರೆಸಿದರು. "ನೋಡಿಲ್ಲ. ನಮ್ಮ ಮಂದಿ ಮನ್ಯಾಗ ಮದವಿ ಇತ್ತು."

ನಾನು ಹೊರಗೆ ಬಂದೆ. ಅವಳನ್ನು ಕಾಪಾಡಲು ಮ್ಯಾನೇಜರ್‌ಗೆ ಕೂಡ ಮನಸ್ಸಾಗಿತ್ತು. ಗೇಟು ತೆರೆದವಳು ಛಲೋ ಹುಡುಗಿ. ನಿಯಮ ಪಾಲಿಸಿದ ನನ್ನ ಮೇಲ್ ಓದದೆ ಬಿದ್ದಿತ್ತು. ಒಂಬತ್ತು ಜನರ ಸಂಗತಿ ನನ್ನ ಮನಸ್ಸಿಗೆ ಬಂದದ್ದು ಮೆಟ್ಟಿಲು ಇಳಿದ ಮೇಲೆ.

ಕೆಳಗೆ ಹಿರಿಯಾಕೆ ಕಾಯುತ್ತಿದ್ದಳು. ಉಳಿದವರು ಹಿಂದೆ ನೀರಿನ ಟ್ಯಾಂಕಿನ ನೆರಳಲ್ಲಿ.

"ಬಾಯಾರ, ಚರಗಾ ಚೆಲ್ಲಿದ್ದಕ್ಕ ಹಿಂಗಾತಂತ ಖರೇನ್ರಿ? ನಮಗ ತಿಳೀಲಿಲ್ರಿ. ಸೀರಿ ಮ್ಯಾಲ ಕಟಗೊಂಡು ಎಲ್ಲಾ ತಿಕ್ಕಿ ತೊಳದು ಕೊಡತೀವಿ. ಪಗಾರ ಬ್ಯಾಡ್ರಿ."

"ಈಗ ಮುಟ್ಟಬ್ಯಾಡ್ರಿ. ನಾ ನೋಡೂತನ ಹಂಗ ಇರಲಿ."

ಅವಳ ಮುಖ ನೋಡಿದಾಗ ಗೊತ್ತಾಯಿತು. ತಮ್ಮ ಮೇಲೆ ಸಾಕ್ಷಿ ಇಟ್ಟುಕೊಳ್ಳುತ್ತಿದ್ದೇನೆ ಎಂದು ಅವಳು ತಿಳಿದಳು. ಬಿಡಿಸಿ ಹೇಳಲು ಹೋಗಲಿಲ್ಲ. ಏನು ಸಿಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಸ್ಥಾವರದ ನಕ್ಷೆಯ ದೊಡ್ಡ ಪ್ರತಿ ತೆಗೆದುಕೊಂಡು ಎ ಬ್ಲಾಕಿನ ಮೊದಲ ಸಾಲಿನಿಂದ ನಡೆಯಲು ಶುರುಮಾಡಿದೆ. ಚರಗ ಬಿದ್ದ ಕಡೆ ನೆಲದ ಮೇಲೆ ಇನ್ನೂ ಗುರುತಿತ್ತು: ಕಡಬಿನ ತುಣುಕು, ಪುಂಡಿಯ ಎಲೆ, ಇರುವೆಯ ಸಾಲು. ಅಲ್ಲಿ ಹಸಿರು ಗೆರೆ ಹಾಕಿದೆ. ಹಿಕ್ಕೆಯ ಪಟ್ಟೆ ಇರುವ ಪ್ಯಾನೆಲ್ಲುಗಳಿಗೆ ಕೆಂಪು ಚುಕ್ಕೆ. ಹಸಿರಿನ ಪಕ್ಕದಲ್ಲೇ ಕೆಂಪು ಇರುತ್ತದೆ ಎಂಬುದು ನನ್ನ ಖಾತ್ರಿ. ಸ್ಪಷ್ಟವಾಗಿ ಹೇಳುವುದಾದರೆ, ಹಾಗೆ ಇರಲಿ ಎಂಬುದು ನನ್ನ ಆಸೆಯೂ ಆಗಿತ್ತು. ಗೇಟು ತೆರೆದದ್ದರಿಂದ ಏನಾಯಿತು ಎಂದು ನಕ್ಷೆಯೇ ತೋರಿಸಲಿ. ನಾನು ಬಾಯಿ ಬಿಡಬೇಕಾಗಿಲ್ಲ.

ಸಂಜೆಯ ಹೊತ್ತಿಗೆ ನಕ್ಷೆ ಬೇರೆಯದನ್ನೇ ತೋರಿಸಿತು. ಚರಗ ಬಿದ್ದ ಸಾಲುಗಳಲ್ಲಿ ಕೆಂಪು ಇತ್ತು, ಅಲ್ಲೊಂದು ಇಲ್ಲೊಂದು. ಆದರೆ ಗಿಜಿಗುಟ್ಟುವಷ್ಟು ಚುಕ್ಕೆಗಳಿದ್ದದ್ದು ಉತ್ತರದ ಬೇಲಿಗೆ ಹತ್ತಿದ ಸಾಲುಗಳಲ್ಲಿ. ಆ ಕಡೆ ಯಾರೂ ಚರಗ ಚೆಲ್ಲಿರಲಿಲ್ಲ. ಬುಟ್ಟಿ ಹಿಡಿದವರು ಅಷ್ಟು ದೂರ ಹೋಗಿರಲೇ ಇಲ್ಲ. ಬೇಲಿಯ ಆಚೆ ಬೇರೆಯವರ ಹಿಂಗಾರಿ ಜೋಳ ನಿಂತಿತ್ತು. ತೆನೆಯಲ್ಲಿ ಆ ವಾರವಷ್ಟೇ ಹಾಲು ತುಂಬಿತ್ತು. ಹಕ್ಕಿಗಳು ತೆನೆಗೆ ಬಂದು, ತಿಂದು, ನಮ್ಮ ಪ್ಯಾನೆಲ್ಲಿನ ಮೇಲೆ ಕುಳಿತು ವಿಶ್ರಮಿಸುತ್ತಿದ್ದವು. ನಾನು ನೋಡುತ್ತ ನಿಂತಿದ್ದಾಗಲೂ ಹೋಗಿ ಬಂದು ಮಾಡುತ್ತಿದ್ದವು.

ಹಾಗಾದರೆ ಬಿ ಬ್ಲಾಕಿನಲ್ಲೂ ಇರಬೇಕಲ್ಲ ಎಂದು ಹೊಳೆದದ್ದು ಆಗ. ಅದರ ಉತ್ತರದ ತುದಿಯೂ ಅದೇ ಬೇಲಿಗೆ, ಅದೇ ಜೋಳಕ್ಕೆ ಹತ್ತಿದೆ. ಮರುದಿನ ನಸುಕಿನಲ್ಲೇ ಹೋಗಿ ನೋಡಿದೆ. ಅಲ್ಲಿಯೂ ಹಿಕ್ಕೆ ಬಿದ್ದಿತ್ತು, ರಾತ್ರಿಯದು, ಎ ಬ್ಲಾಕಿನಷ್ಟೇ. ಹೆಂಗಸರು ಬಂದು, ತೊಳೆಯಲು ಶುರು ಮಾಡುವ ಮೊದಲು, ಇಬ್ಬನಿಯಿಂದ ಮೆತ್ತಗಾದ ಆ ಕಲೆಗಳನ್ನು ತೊಯ್ದ ಬಟ್ಟೆಯಿಂದ ಒಂದೊಂದಾಗಿ ಎತ್ತಿ ತೆಗೆದರು. ಯಾರೂ ಹೇಳಿ ಮಾಡಿಸಿದ್ದಲ್ಲ; ಯಾಕೆ ಹೀಗೆ ಎಂದು ಕೇಳಿದರೆ ಅವರೂ ಮುಖ ಮುಖ ನೋಡಿಕೊಂಡರು. ಎದುರಿಗೆ ಕಂಡದ್ದನ್ನು ಒರೆಸಿದ್ದರು, ಅಷ್ಟೇ. ಬಿಸಿಲೇರಿದ ಮೇಲೆ ಕ್ಲ್ಯಾಂಪ್ ಮೀಟರ್ ಹಿಡಿದು ಎರಡೂ ಬ್ಲಾಕಿನ ಬೇಲಿ ಬದಿಯ ಸಾಲುಗಳ ಕರೆಂಟು ಅಳೆದೆ. ಬಿ ಬ್ಲಾಕಿನ ಸಾಲುಗಳು ಪೂರ್ಣ ಕೆಲಸ ಮಾಡುತ್ತಿದ್ದವು.

ನಾನು ಬಹಳ ದಿನಗಳಿಂದ ಹುಡುಕುತ್ತಿದ್ದ ಕಾರಣ ಇದು. ದೂಳಿಗೆ ಯಂತ್ರ ಸಾಕು, ನೀರೂ ಉಳಿಯುತ್ತದೆ; ಆದರೆ ಅದನ್ನು ಸಂಜೆ, ಗಾಜು ಒಣಗಿರುವಾಗ ಓಡಿಸಬೇಕು. ಬೆಳಿಗ್ಗೆ ಇಬ್ಬನಿಯಲ್ಲಿ ಜನ ಬೇಕು. ಚಳಿಗಾಲಕ್ಕೆ ಜೋಳ, ಆಮೇಲೆ ತಿಕೋಟಾದ ಕಡೆಯ ದ್ರಾಕ್ಷಿ, ಮುಂಗಾರಿಗೆ ಸಜ್ಜಿ. ನಮ್ಮ ಸ್ಥಾವರದ ಸುತ್ತ ಹಕ್ಕಿಗೆ ತಿನ್ನಲು ಇಲ್ಲದ ಕಾಲ ಇಲ್ಲ. ಹಾಗಾಗಿ ಕೆಲಸ ವರ್ಷಪೂರ್ತಿಯದು. ಇಬ್ಬರಿಂದ ಆಗುವುದಲ್ಲ.

ವರದಿಯ ಆ ಭಾಗ ಬೇಗ ಬರೆದು ಮುಗಿಸಿದೆ. ಗೇಟಿನ ಭಾಗದಲ್ಲಿ ಪೆನ್ನು ನಿಂತಿತು.

"ಅನುಮತಿ ಇಲ್ಲದೆ ಒಳಗೆ ಬಂದರು" ಎಂದು ಬರೆದರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ. ಬೇಲಿ ದಾಟಿ ಬಂದವರನ್ನು ಯಾವ ಕಂಪನಿಯೂ ಹಾಜರಿಗೆ ತೆಗೆದುಕೊಳ್ಳುವುದಿಲ್ಲ. ಅವರು ಕಳ್ಳತನದಿಂದ ಬರಲಿಲ್ಲ, ಕಂಪನಿಯ ಉದ್ಯೋಗಿಯೊಬ್ಬಳು ಕೀಲಿ ತೆಗೆದು ಒಳಗೆ ಬಿಟ್ಟಳು ಎಂದು ಬರೆಯಲೇಬೇಕು. ಅವರಿಗೆ ನ್ಯಾಯ ಆಗಬೇಕಾದರೆ ಅವಳ ಹೆಸರು ಬರಬೇಕು. ತೊಂದರೆ ಇಷ್ಟೇ: ಅವಳ ಹೆಸರು ಬರಲಿ ಎಂದು ನಾನು ಅದಕ್ಕೂ ಮೊದಲೇ ಬಯಸಿದ್ದೆ. ಸರಿಯಾದ ವಾಕ್ಯವೂ ನನ್ನ ಹೊಟ್ಟೆಕಿಚ್ಚಿನ ವಾಕ್ಯವೂ ಒಂದೇ ಆಗಿತ್ತು; ಒಂದು ಅಕ್ಷರದ ವ್ಯತ್ಯಾಸವಿರಲಿಲ್ಲ. ಯಾವುದನ್ನು ಬರೆಯುತ್ತಿದ್ದೇನೆ ಎಂದು ನನಗೆ ತಿಳಿಯುವ ದಾರಿಯೂ ಇರಲಿಲ್ಲ.

ಬರೆದೆ. ಕಳಿಸುವ ಮೊದಲು ಅದನ್ನು ತೆಗೆದುಕೊಂಡು, ಟ್ರಾನ್ಸ್‌ಫಾರ್ಮರುಗಳಿರುವ ಸ್ವಿಚ್‌ಯಾರ್ಡಿನ ಹತ್ತಿರ ಅವಳಿದ್ದಲ್ಲಿಗೆ ಹೋದೆ. ಅವಳು ಕೈಗವಸು ತೆಗೆದು ಹಾಳೆ ಹಿಡಿದುಕೊಂಡು ಓದಿದಳು.

"ಸರ್ ನನ್ನ ಹೆಸರು ಬ್ಯಾಡಂದಿದ್ರಂತ?"

"ಹೌದ್ರಿ."

"ಆದ್ರೂ ಬರದಿ."

"ಬರದೇನ್ರಿ."

"ಇದನ್ನ ಬರದ್ರ ಅವರ ಕೆಲಸಾ ಉಳೀತೈತಿ?"

"ಉಳೀಬಹುದು."

"ಬಹುದು ಅಂದ್ರ?"

"ಖಾತ್ರಿ ಇಲ್ರಿ."

ಅವಳು ಹಾಳೆಯ ಅಂಚನ್ನು ಉಗುರಿನಿಂದ ಮಡಚಿದಳು, ಬಿಚ್ಚಿದಳು. "ನಮ್ಮ ಅಬ್ಬಾಗ ಪರ್ಮನೆಂಟ್ ಆಗತೇನಂತ ಹೇಳಿಬಿಟ್ಟೇನಿ" ಎಂದಳು, ನನಗಲ್ಲ, ಹಾಳೆಗೆ ಹೇಳಿದಂತೆ. ಆಮೇಲೆ ಅವಳು ಹಾಳೆ ವಾಪಸ್ ಕೊಟ್ಟಳು.

"ಗೇಟು ತಗದ್ಲು ಅಂತ ಅಷ್ಟ ಬರದಿ. ಅಲ್ಲೇ ಕುಂತು ಉಂಡ್ಲು ಅಂತನೂ ಬರಿ. ಇಲ್ಲಂದ್ರ ಅವರನ್ನ ಒಳಗ ಬಿಟ್ಟು ನಾ ಎಲ್ಲೋ ಹೋಗಿದ್ನಂತ ತಿಳೀತಾರ."

ನಾನು ಕಚೇರಿಗೆ ಬಂದು ಆ ವಾಕ್ಯ ಸೇರಿಸಿದೆ. ಅವಳು ಹೆದರಿದ್ದಳು, ಹೆದರಿದ್ದೂ ಹಾಗೆ ಹೇಳಿದಳು. ಆ ಕ್ಷಣದಲ್ಲಿ ಕೂಡ ನನಗೆ ಅವಳ ಮೇಲೆ ಮೆಚ್ಚುಗೆ ಬರುವ ಮೊದಲು ಅಸೂಯೆಯೇ ಬಂತು. ನನಗೆ ಹಾಗೆ ಹೇಳಲು ಬರುತ್ತಿತ್ತೇ ಎಂದು ಯೋಚಿಸುತ್ತ ಕುಳಿತಾಗ, ಮೇಜಿನ ಮೂಲೆಯಲ್ಲಿ ಆ ತಾಟು ಕಂಡಿತು. ತೊಳೆದು ಇಟ್ಟಿದ್ದೆ, ವಾಪಸ್ ಕೊಟ್ಟಿರಲಿಲ್ಲ. ಕೆಳಗೆ ಇನ್ನೊಂದು ಸಾಲು ಬರೆದೆ: "ಅಂದಿನ ಊಟ ಮಾಡಿದವರಲ್ಲಿ ಈ ವರದಿ ಬರೆದವಳೂ ಇದ್ದಾಳೆ. ಗೇಟು ತೆರೆದದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು, ತಡೆಯಲಿಲ್ಲ." ನನ್ನ ಎರಡು ಮೇಲ್‌ಗಳನ್ನೂ ಲಗತ್ತಿಸಬಹುದಿತ್ತು. ಲಗತ್ತಿಸಲಿಲ್ಲ. ಅವು ನನ್ನೊಬ್ಬಳನ್ನು ಮಾತ್ರ ಕಾಪಾಡುತ್ತಿದ್ದವು.

ಮ್ಯಾನೇಜರ್ ಓದಿ, "ನಿಮಗ ಶ್ಯಾಣೇತನ ಹೆಚ್ಚಾಗೈತಿ" ಎಂದರು. ಆದರೂ ಕಳಿಸಿದರು, ನಕ್ಷೆ ನೋಡಿದ ಮೇಲೆ ಕಳಿಸದೆ ಇರುವಂತಿರಲಿಲ್ಲ.

ಮುಖ್ಯ ಕಚೇರಿಯವರು ಪರದೆಯ ಮೇಲೆ ಬಂದು ಮಾತಾಡಿದ ದಿನ ತಂತ್ರಜ್ಞನೂ ಇದ್ದ. ಬೇಲಿ ಬದಿಯ ಸಾಲುಗಳನ್ನು ಬಿಟ್ಟು ಲೆಕ್ಕ ಹಾಕಿ ಎಂದು ಅವನು ವಾದಿಸಿದ. ಬೇಲಿ ಇಲ್ಲದ ಸ್ಥಾವರ ಎಲ್ಲಿದೆ ಎಂದು ನಾನು ಕೇಳಿದೆ. ಯಂತ್ರವನ್ನು ಸಂಜೆಗೆ ಹೊಂದಿಸಿ, ಬೆಳಿಗ್ಗೆ ಹೆಂಗಸರಿಂದ ಕಲೆ ತೆಗೆಸಿ, ಎರಡನ್ನೂ ಸೇರಿಸಿ ಇನ್ನಷ್ಟು ದಿನ ನೋಡಿ ಎಂದು ತೀರ್ಮಾನವಾಯಿತು. ನೋಡಿದೆವು. ಎ ಬ್ಲಾಕಿನ ಗೆರೆ ಮೇಲೆ ಬಂದು ಬಿ ಬ್ಲಾಕನ್ನು ಮುಟ್ಟಿತು, ಟ್ಯಾಂಕರಿನ ನೀರು ಬಕೆಟ್ಟಿನ ಲೆಕ್ಕಕ್ಕೆ ಇಳಿಯಿತು. ಜೋಳದ ತೆನೆ ಗಟ್ಟಿಯಾಗುವ ಹೊತ್ತಿಗೆ ಆದೇಶ ಬಂತು: ಒಂಬತ್ತೂ ಜನ ಕಂಪನಿಯ ಹಾಜರಿಗೆ, ವರ್ಷಪೂರ್ತಿ, ಪಿ.ಎಫ್. ಮತ್ತು ವಿಮೆಯ ಸಮೇತ. ಅದೇ ದಿನ ಇನ್ನೊಂದು ಕಾಗದವೂ ಬಂತು. ಸೂಪರ್‌ವೈಸರ್‌ಗೆ ಮೆಮೊ, ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ. ನನ್ನ ಬಗ್ಗೆ ಎರಡರಲ್ಲೂ ಏನೂ ಇರಲಿಲ್ಲ. ಕಿಟಕಿಯಿಂದ ನೋಡಿದವಳಿಗೆ ಶಿಕ್ಷೆ ಕೊಡುವ ನಿಯಮ ಅವರಲ್ಲಿ ಇರಲಿಲ್ಲವೇನೋ.

ನಾನು ಟ್ಯಾಂಕಿನ ನೆರಳಿಗೆ ಹೋಗಿ ಹೆಂಗಸರಿಗೆ ಆದೇಶ ಓದಿ ಹೇಳಿದೆ. ಮಳೆಗಾಲದಲ್ಲೂ ಪಗಾರ ಬರುತ್ತದೇನು ಎಂದು ಒಬ್ಬಳು ಕೇಳಿದಳು, ಬರುತ್ತದೆ ಎಂದೆ. ಮಮದಾಪುರದವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಹಿರಿಯಾಕೆ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ತಂಗಿ ಹೆಸರು ನೀವ ಬರದ್ರೇನ್ರಿ ಬಾಯಾರ?"

"ಹೌದ್ರಿ."

"ಆಕಿದು ನೌಕರಿ ಮುಂದಕ್ಕ ಹೋತಂತ."

"ಹೌದು."

"ನಮ್ಮ ಸಲವಾಗಿ ಬರದ್ರೇನು?"

"ಬರೀಲಿಲ್ಲಂದ್ರ ನಿಮ್ಮ ಕೆಲಸ ಹೋಗತಿತ್ತು" ಎಂದೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಅವಳು "ಛಲೋ ಆತ್ರಿ" ಎಂದು ತಿರುಗಿದಳು. ಒಂಬತ್ತೂ ಜನ ಎದ್ದು ಸ್ವಿಚ್‌ಯಾರ್ಡಿನ ಕಡೆ ಹೋದರು. ಅಲ್ಲಿ ಸೂಪರ್‌ವೈಸರ್ ಇದ್ದಳು. ಏನು ಮಾತಾಡಿದರೋ ಕೇಳಿಸಲಿಲ್ಲ. ಹಿರಿಯಾಕೆ ಅವಳ ಗಲ್ಲ ಹಿಡಿದು ನೆಟಿಗೆ ಮುರಿದದ್ದು ದೂರದಿಂದ ಕಂಡಿತು.

ಸಂಜೆ ಜೀಪು ತಿಕೋಟಾ ದಾಟಿದ ಮೇಲೆ ಅವಳು ನಿದ್ದೆ ಹೋದಳು. ಹೆಂಗಸರು ಬಲವಂತವಾಗಿ ಕೊಟ್ಟ ಹಸಿ ಕಡಲೆಯ ಗಿಡಗಳ ಕಟ್ಟು ಅವಳ ತೊಡೆಯ ಮೇಲಿತ್ತು.

ಮರುದಿನ ಬೆಳಿಗ್ಗೆ ಒಂಬತ್ತೂ ಜನ ಹಾಜರಿಗೆ ಸೇರುವ ಮೊದಲಿನ ಆರೋಗ್ಯ ತಪಾಸಣೆಗೆ ತಿಕೋಟಾದ ಸರಕಾರಿ ದವಾಖಾನೆಗೆ ಹೋಗಿದ್ದರು. ಬೇಲಿ ಬದಿಯ ಸಾಲುಗಳಲ್ಲಿ ರಾತ್ರಿಯ ಹಿಕ್ಕೆ ಇತ್ತು, ಬಿಸಿಲೇರಿದರೆ ಗಟ್ಟಿಯಾಗುತ್ತದೆ. ನಾನು ಬಕೆಟ್ಟಿಗೆ ನೀರು ತುಂಬಿಕೊಂಡು, ವೇಲ್ ಸೊಂಟಕ್ಕೆ ಬಿಗಿದು, ಉತ್ತರದ ಮೊದಲ ಸಾಲಿನಿಂದ ಶುರು ಮಾಡಿದೆ. ಕಲೆಯ ಮೇಲೆ ತೊಯ್ದ ಬಟ್ಟೆ ಒತ್ತಿ ಹಿಡಿಯಬೇಕು, ಉಜ್ಜಬಾರದು, ನಿಧಾನ ಎತ್ತಬೇಕು. ನಾಲ್ಕನೆಯ ಪ್ಯಾನೆಲ್ಲಿಗೆ ಬಂದಾಗ ಹಿಂದಿನ ಸಾಲಿನಲ್ಲಿ ಇನ್ನೊಂದು ಬಕೆಟ್ ಇಟ್ಟ ಸದ್ದಾಯಿತು. ತಿರುಗಿ ನೋಡಲಿಲ್ಲ. ಬಟ್ಟೆ ಹಿಂಡುವ ಸದ್ದು ಕೇಳಿಸಿತು, ಆಮೇಲೆ ಸೂಪರ್‌ವೈಸರ್ ಏನೋ ಗುನುಗುವುದು. ಜೋಳದಿಂದ ಬೆಳವಗಳು ಎದ್ದು ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿ ಮತ್ತೆ ಜೋಳಕ್ಕೇ ಇಳಿದವು. ಸಾಲಿನ ನಡುವಿಗೆ ಬಂದಾಗ ಓರೆಗಣ್ಣಿನಿಂದ ನೋಡಿದೆ. ನನ್ನ ನಂತರ ಶುರು ಮಾಡಿದವಳು ನನಗಿಂತ ಒಂದು ಪ್ಯಾನೆಲ್ ಮುಂದಿದ್ದಳು.

ನಾನು ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ, ಮುಂದಿನ ಕಲೆಯ ಮೇಲಿಟ್ಟೆ.